ಕೆಳಗಿಡದ ಬಟ್ಟಲು

ಬಹಳ ಹಿಂದೆ, ಹೊಳೆ ಇನ್ನೂ ಈಗಿನ ಹಾದಿ ಹಿಡಿದಿರಲಿಲ್ಲ, ಕಾಗೆಗೆ ಇಷ್ಟೊಂದು ಕಪ್ಪು ಹತ್ತಿರಲಿಲ್ಲ, ಆಗ ಕಡಲ ಬದಿಗೆ ಆವಿಗೆಕೇರಿ ಅಂತ ಒಂದೂರು. ಆ ಊರಿನಲ್ಲಿ ಜಟ್ಟು ಗುನಗ ಅಂತ ಒಬ್ಬನಿದ್ದ. ಗುನಗ ಅಂದರೆ ಬರೀ ಕುಂಬಾರನಲ್ಲ. ಊರಿಗೆ ಮಡಕೆ ಮಾಡಿಕೊಡುವವನೂ ಅವನೇ, ಊರ ಜಟಗ ದೇವರಿಗೆ ಪೂಜೆ ಮಾಡುವವನೂ ಅವನೇ. ಬೆಳಿಗ್ಗೆ ಮಣ್ಣು ತುಳಿದ ಕಾಲೇ ಸಂಜೆ ದೇವರ ಮುಂದೆ ನಿಲ್ಲಬೇಕು.

ಜಟ್ಟು ಮಾಡಿದ ಮಡಕೆಯನ್ನು ಬೆರಳಿನಿಂದ ತಟ್ಟಿದರೆ ಹೊಳೆಯಾಚೆಯ ದನಗಳು ಕಿವಿ ನಿಮಿರಿಸುತ್ತಿದ್ದವಂತೆ. ಅವನ ಕೊಡದ ನೀರು ಎಂಥ ತಂಪು ಅಂದರೆ, ಸುಡುವ ಬೇಸಗೆಯಲ್ಲಿ ಕುಡಿದವರು ಹೊದೆಯಲು ಕಂಬಳಿ ಕೇಳುತ್ತಿದ್ದರಂತೆ. ಹೀಗಂತ ಹೇಳುತ್ತಾರೆ. ಹೇಳಿದವರ ಬಾಯಿಗೆ ಬೆಲ್ಲ ಬೀಳಲಿ.

ಮಡಕೆಗೆ ಮಣ್ಣು ಬೇಕಲ್ಲ, ಆ ಮಣ್ಣು ಇದ್ದದ್ದು ಬೊಮ್ಮಣ್ಣ ಗಾಂವಕಾರನ ಕೆಳಗದ್ದೆಯಲ್ಲಿ. ಗಾಂವಕಾರ ಅಂದರೆ ಊರ ಹಿರಿಯ. ಅವನ ಗದ್ದೆಯನ್ನು ಮೊಳದಷ್ಟು ಅಗೆದರೆ ಸಾಕು, ಬೆಣ್ಣೆಯಂಥ ಜೇಡಿಮಣ್ಣು. ಭತ್ತದ ಕೊಯ್ಲು ಮುಗಿದ ಮೇಲೆ ಕುಂಬಾರರು ಅಲ್ಲಿ ಮಣ್ಣು ತೆಗೆಯಬೇಕು, ಮೊದಲ ಮಳೆಗೆ ಮುಂಚೆ ಗುಂಡಿ ಮುಚ್ಚಿ ಗದ್ದೆಯನ್ನು ಸಮ ಮಾಡಿಕೊಡಬೇಕು. ಇದು ಅಜ್ಜಂದಿರು ಆಡಿಟ್ಟ ಮಾತು. ಆ ಮಾತನ್ನು ಪ್ರತಿ ಸುಗ್ಗಿಗೂ ಜಟಗನ ಕಲ್ಲಿನ ಮುಂದೆ ಕಳ್ಳು ಕುಡಿದು ಗಟ್ಟಿ ಮಾಡಬೇಕು. ದೇವರಿಗೊಂದು ಬಟ್ಟಲು, ಗಾಂವಕಾರನಿಗೊಂದು, ಗುನಗನಿಗೊಂದು.

ಅಲ್ಲಿಯ ಕಟ್ಟಳೆ ಏನೆಂದರೆ, ಕುಡಿದಷ್ಟೇ ಮಾತು. ಪೂರ್ತಿ ಕುಡಿದರೆ ಪೂರ್ತಿ ಮಾತು, ಅರ್ಧ ಕುಡಿದರೆ ಅರ್ಧ. ಕುಡಿ ಅಂತ ಯಾರೂ ಯಾರನ್ನೂ ಒತ್ತಾಯ ಮಾಡುವ ಹಾಗಿಲ್ಲ. ಒಬ್ಬನಿಗೆ ತುಂಬಿಕೊಟ್ಟ ಬಟ್ಟಲನ್ನು ಇನ್ನೊಬ್ಬ ಮುಟ್ಟುವ ಹಾಗಿಲ್ಲ. ಕಳ್ಳನ್ನು ನೆಲಕ್ಕೆ ಚೆಲ್ಲುವ ಹಾಗಂತೂ ಇಲ್ಲವೇ ಇಲ್ಲ. ನೆಲಕ್ಕೆ ಚೆಲ್ಲುವುದು ಸತ್ತವರಿಗೆ ಎಡೆ ಇಡುವಾಗ. ಬದುಕಿದವನು ಜಟಗನ ಹೆಸರಿನ ಕಳ್ಳನ್ನು ಚೆಲ್ಲಿದರೆ ತನ್ನ ಮನೆಗೆ ತಾನೇ ಸಾವನ್ನು ಕರೆದ ಹಾಗೆ.

ಜಟ್ಟು ಕುಡಿಯುವುದು ಪೂರ್ತಿಯೇ. ಅದರಲ್ಲಿ ಅವನಿಗೆ ಸಮನಾದವನು ಸುತ್ತಿನ ಸೀಮೆಯಲ್ಲೇ ಇರಲಿಲ್ಲ. ಗುಂಡಿ ಮುಚ್ಚುವುದು ಮಾತ್ರ ಅರ್ಧ. ನಾಳೆ ಮುಚ್ಚಿದರಾಯಿತು ಅನ್ನುತ್ತಿದ್ದ. ನಾಳೆ ಮಳೆ ಬರುತ್ತಿತ್ತು. ಹೀಗೆ ನೀರು ನಿಂತ ಒಂದು ಗುಂಡಿಗೆ ಗಾಂವಕಾರನ ಉಳುವ ಕೋಣ ಕಾಲಿಟ್ಟು ಕಾಲು ಮುರಿದುಕೊಂಡಿತು. ಗಾಂವಕಾರ ಕೂಗಾಡಲಿಲ್ಲ. ಕೋಣದ ತಲೆ ಸವರಿ ಮನೆಗೆ ಹೋದ.

ಮುಂದಿನ ಸುಗ್ಗಿಗೆ ಜಟಗನ ಮುಂದೆ ಅವನು ಅರ್ಧ ಬಟ್ಟಲು ಕುಡಿದು ಕೆಳಗಿಟ್ಟ.

"ಒಡೆಯಾ, ಇನ್ನೂ ಅರ್ಧ ಉಂಟಲ್ಲ," ಅಂದ ಜಟ್ಟು.

"ಹೊಟ್ಟೆ ತುಂಬ್ತು ಮಾರಾಯ. ನೀನು ಅರ್ಧ ಗದ್ದೆ ಅಗೆದುಕೋ."

ಅದರ ಮುಂದಿನ ಸುಗ್ಗಿಗೆ ಒಂದೇ ಗುಟುಕು ಕುಡಿದ. ಆಚೆ ಸುಗ್ಗಿಗೆ ಮೀಸೆ ತೋಯಿಸಿ ಬಟ್ಟಲನ್ನು ಕಲ್ಲಿನ ಮೇಲಿಟ್ಟುಬಿಟ್ಟ. ಹಸಿಗೆಂಪಿನ ಮಣ್ಣಿನ ಬಟ್ಟಲು, ಹೊಸದು, ನೋಡನೋಡುತ್ತ ಕಳ್ಳನ್ನು ಹೀರಿತು. ಜಟ್ಟುವಿಗೆ ಆಸೆ ಹುಟ್ಟಿತು. ಬಟ್ಟಲು ಇಳೀತಾ ಉಂಟು ಒಡೆಯಾ, ಅಂದ.

"ಇಳಿದದ್ದು ನನ್ನ ಹೊಟ್ಟೆಗಲ್ಲ. ನೀ ಮಾಡಿದ ಬಟ್ಟಲೇ ಕುಡೀತು. ಮಣ್ಣನ್ನೂ ಅದರ ಹತ್ತಿರವೇ ಕೇಳು," ಅಂದ ಗಾಂವಕಾರ. ನೆರೆದವರೆಲ್ಲ ನಕ್ಕರು. ಜಟಗನ ಕಲ್ಲೂ ನಕ್ಕಿತು ಅಂತಾರೆ. ಅದು ಸ್ವಲ್ಪ ಹೆಚ್ಚಾಯಿತು ಅನ್ನುವವರೂ ಇದ್ದಾರೆ.

ಮೀಸೆ ತೋಯ್ದಷ್ಟು ಮಾತಿಗೆ ಎಷ್ಟು ಮಣ್ಣು ಸಿಕ್ಕೀತು? ಒಂದು ಹಣತೆಗಾಗುವಷ್ಟು. ಆವಿಗೆಕೇರಿಯಲ್ಲಿ ಮಡಕೆ ತಿರುಗಿಸುವ ತಿಗರಿಗಳೆಲ್ಲ ನಿಂತವು. ಮಡಕೆ ಸುಡುವ ಆವಿಗೆಯೊಳಗೆ ಬೆಕ್ಕು ಮರಿ ಹಾಕಿತು. ಜಟ್ಟುವಿನ ಹೆಂಡತಿ ಹೊನ್ನಿ ಒಡಕು ಮಡಕೆಗೆ ಸಗಣಿ ಬಳಿದು ಅದರಲ್ಲೇ ಅಕ್ಕಿ ಬೇಯಿಸಿದಳು. ಇನ್ನೊಂದು ಸುಗ್ಗಿ ಹೀಗೇ ಕಳೆದರೆ ಕೇರಿಯವರು ಬೇರೆ ಊರು ನೋಡಿಕೊಳ್ಳಬೇಕು, ಜಟಗನಿಗೆ ಗುನಗನೇ ಇಲ್ಲದ ಹಾಗಾಗುತ್ತದೆ. ಇದು ಎಲ್ಲರಿಗೂ ಗೊತ್ತಿತ್ತು. ಜಟ್ಟುವಿಗೂ ಗೊತ್ತಿತ್ತು. ಆದರೂ ಜಗಲಿಯಲ್ಲಿ ಕೂತು, ನಾ ಮಾಡಿದ ಕೊಡದ ಮೇಲೆ ಆನೆ ನಿಂತರೂ ಬಿರುಕು ಬಿಡುತ್ತಿರಲಿಲ್ಲ ಅಂತ ಹೇಳುವುದನ್ನು ಬಿಡಲಿಲ್ಲ.

ಆ ಮಳೆಗಾಲದಲ್ಲಿ ಕಡಲು ಮುಚ್ಚಿತು, ಮಚವೆ ಅನ್ನುವ ಹಾಯಿದೋಣಿಗಳನ್ನು ದಡಕ್ಕೆಳೆದರು. ಆಗ ಪುತ್ತು ತಾಂಡೇಲ ಅನ್ನುವವನು ಜಟ್ಟುವಿನ ಮನೆಗೆ ಬಂದ. ತಾಂಡೇಲ ಅಂದರೆ ಮಚವೆ ನಡೆಸುವ ಯಜಮಾನ. ಇವನು ಕಾಳುಮೆಣಸು ಹೇರಿಕೊಂಡು ಸೂರ್ಯ ಹುಟ್ಟುವ ದಿಕ್ಕಿನ ಕೊನೆಯ ತನಕ ಹೋಗಿ ಬಂದವನು. ಈಗಿನವರು ಅದಕ್ಕೆ ಜಪಾನು ಅಂತಾರೆ. ಆಗಿನವರು ಬಿಳಿಮಣ್ಣಿನ ದೇಶ ಅನ್ನುತ್ತಿದ್ದರು. ಅವನ ಕೈಯಲ್ಲಿ ಒಂದು ಮರದ ಪೆಟ್ಟಿಗೆ ಇತ್ತು.

"ಜಟ್ಟಣ್ಣ, ಇದರಲ್ಲಿ ಆ ದೇಶದ ಕುಂಬಾರ ಕೊಟ್ಟ ಗುರುತು ಉಂಟು. ಅವರ ಕಣಿವೆಯೊಳಗೆ ಹೊರಗಿನವರನ್ನು ಬಿಡೋದಿಲ್ಲ. ಇದನ್ನು ತೋರಿಸಿದವನಿಗೆ ಮಾತ್ರ ದಾರಿ. ನನ್ನ ಗುಡಿಸಲು ಸೋರ್ತದೆ. ಕಡಲು ತೆರೆಯೋವರೆಗೆ ಇಟ್ಟುಕೋ. ಕೈ ಹಚ್ಚಬೇಡ."

"ಕೈ ಹಚ್ಚೋದೆ? ನಾನು?" ಅಂದ ಜಟ್ಟು.

ತಾಂಡೇಲ ಗದ್ದೆಯ ಅಂಚು ದಾಟಿದ್ದನೋ ಇಲ್ಲವೋ, ಜಟ್ಟು ಪೆಟ್ಟಿಗೆ ತೆರೆದ. ಒಣಹುಲ್ಲು, ಹುಲ್ಲಿನೊಳಗೆ ಬಟ್ಟೆ, ಬಟ್ಟೆಯೊಳಗೆ ಒಂದು ಬಟ್ಟಲು. ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕದು. ಬಿಳಿ ಅಂದರೆ ಹಾಲು ನಾಚಬೇಕು, ತೆಳು ಅಂದರೆ ಈರುಳ್ಳಿ ಸಿಪ್ಪೆ. ಬೆಳಕಿಗೆ ಹಿಡಿದರೆ ಹಿಂದಿನ ಬೆರಳು ಮುಂದೆ ಕಾಣುತ್ತಿತ್ತು. ಹೊರಮೈಗೆ ಒಂದು ನೀಲಿ ಕೊಕ್ಕರೆ, ಒಂದು ಕಾಲೆತ್ತಿ ನಿಂತದ್ದು. ಜಟ್ಟು ಉಗುರಿನಿಂದ ತಟ್ಟಿದ. ದೇವರ ಗಂಟೆಯಂಥ ನಾದ ಬಂತು, ಮಳೆ ಒಂದು ಗಳಿಗೆ ನಿಂತು ಕೇಳಿತಂತೆ.

ಜಟ್ಟು ಇನ್ನೊಮ್ಮೆ ತಟ್ಟಿದ, ಮತ್ತೊಮ್ಮೆ ತಟ್ಟಿದ. ಆಮೇಲೆ ಬಟ್ಟಲನ್ನು ಮಗುಚಿದ. ಅಡಿಯಲ್ಲಿ ತೂತು. ಹೆಸರುಕಾಳು ನುಸುಳುವಷ್ಟು ಒಂದು ತೂತು. ಅವನ ಮುಖ ಅರಳಿತು.

"ಹೊನ್ನೀ, ಬಾ ಇಲ್ಲಿ. ತೂತು ಬಟ್ಟಲು! ಅಷ್ಟು ದೂರದಿಂದ ಬಂದದ್ದು, ಅಡಿಯೇ ಇಲ್ಲ! ನಮ್ಮ ಕೇರಿಯ ಹುಡುಗರು ಕೆಸರಲ್ಲಿ ಆಡ್ತಾ ಮಾಡಿದ ಬಟ್ಟಲೂ ಸೋರೋದಿಲ್ಲ."

"ಮುಟ್ಟಬೇಡಿ ಅಂದಿದ್ದಾರಲ್ಲ," ಅಂದಳು ಹೊನ್ನಿ.

ಆದರೆ ಕುಂಬಾರರಲ್ಲಿ ಒಂದು ರೀತಿ ಉಂಟು. ಸುಡುವಾಗ ಒಂದೊಂದು ಮಡಕೆಗೆ ಸೂಜಿಮೊನೆಯಷ್ಟು ತೂತು ಬಿದ್ದುಬಿಡುತ್ತದೆ. ಅದನ್ನು ಸದ್ದಿಲ್ಲದೆ ಮುಚ್ಚುತ್ತಾರೆ. ಒಬ್ಬನ ಮಡಕೆಯ ತೂತು ಇನ್ನೊಬ್ಬ ಕುಂಬಾರನ ಕಣ್ಣಿಗೆ ಬಿದ್ದರೆ, ಅವನೂ ಊರಿಗೆ ಸಾರದೆ ತಾನೇ ಮುಚ್ಚಿಡುತ್ತಾನೆ. ಕುಂಬಾರನ ಮಾನವನ್ನು ಕುಂಬಾರನೇ ಕಾಯಬೇಕು. ಜಟ್ಟುವಿಗೆ ಆ ಕಾಣದ ಕುಂಬಾರನ ಮೇಲೆ ಕನಿಕರ ಬಂತು. ಪಾಪ, ಇಷ್ಟು ಚೆಂದ ಮಾಡಿದ್ದಾನೆ, ಕೊನೆಯಲ್ಲಿ ಕೈ ತಪ್ಪಿದೆ ಅಂದುಕೊಂಡ. ಆ ಒಂದು ಹಣತೆಗೆಂದು ಎತ್ತಿಟ್ಟ ಮಣ್ಣಿನಲ್ಲಿ ಎಳ್ಳಷ್ಟು ತೆಗೆದು, ಉಗುಳು ಹಚ್ಚಿ ಮಿದ್ದು, ತೂತಿಗೆ ತುಂಬಿ, ಹೊನ್ನಿಯ ಒಲೆಯ ಕೆಂಡದಲ್ಲಿ ಬಟ್ಟಲನ್ನಿಟ್ಟು ಸುಟ್ಟ. ಬೇರೆಯವರು ಸುಟ್ಟಿದ್ದರೆ ಪುಡಿಪುಡಿಯಾಗುತ್ತಿತ್ತು. ಜಟ್ಟು ಸುಟ್ಟದ್ದಕ್ಕೆ ಉಳಿಯಿತು ಅಂತಾರೆ. ಬಿಳಿ ಬಟ್ಟಲಿನ ಅಡಿಗೆ ಕೆಂಪು ಬೊಟ್ಟು, ಹಣೆಗೆ ಕುಂಕುಮ ಇಟ್ಟ ಹಾಗೆ. ನೀರು ಹಾಕಿದ. ಒಂದು ತೊಟ್ಟೂ ಸೋರಲಿಲ್ಲ.

ಕಡಲು ತೆರೆಯಿತು. ತಾಂಡೇಲ ಬಂದು ಪೆಟ್ಟಿಗೆ ಬಿಚ್ಚಿ ನೋಡಿ ತಲೆ ಮೇಲೆ ಕೈ ಹೊತ್ತು ಕೂತ.

"ಇದೆಂತ ಮಾಡಿದೆ ಜಟ್ಟಣ್ಣ? ಕೊಟ್ಟ ಹಾಗೇ ತಾ ಅಂತ ಕೈಸನ್ನೆ ಮಾಡಿ ಹೇಳಿದ್ದಾನೆ ಆ ಮುದುಕ. ನನಗೆ ಇನ್ನು ಆ ಕಣಿವೆಯ ದಾರಿ ಬಂದ್."

"ದಾರಿ ಯಾಕೆ ಬಂದಾಗ್ತದೆ? ಸೋರೋದನ್ನ ಸೋರದ ಹಾಗೆ ಮಾಡಿದ್ದೇನೆ. ಆ ಮುದುಕ ನನ್ನ ಕಾಲಿಗೆ ಬೀಳಬೇಕು."

"ಹಾಗಾದರೆ ಬಾ. ಮುಚ್ಚಿದವನೇ ಬಂದು ಉತ್ತರ ಹೇಳು."

ಹೊನ್ನಿ ಒಳಗಿಂದಲೇ ಅಂದಳು, "ಕರೆದುಕೊಂಡು ಹೋಗಿ ತಾಂಡೇಲರೇ. ನಮ್ಮ ಮನೆಯವರ ಕೈಗುಣವೇ ಹಾಗೆ. ಗದ್ದೆಯಲ್ಲಿ ಮುಚ್ಚಬೇಕಾದ್ದನ್ನು ಬಿಟ್ಟು ಬರ್ತಾರೆ. ಮನೆಯಲ್ಲಿ ಮುಚ್ಚಬಾರದ್ದನ್ನು ಮುಚ್ಚಿ ಇಡ್ತಾರೆ."

ಹೇಗೂ ಮಣ್ಣಿಲ್ಲ, ಕೆಲಸವಿಲ್ಲ. ಜಟ್ಟು ತಿಗರಿ ಹೊತ್ತುಕೊಂಡು ಮಚವೆ ಹತ್ತಿದ.

ನಡುಗಡಲಿನಲ್ಲಿ ಒಂದು ಜಾಗ ಉಂಟಂತೆ, ಅಲ್ಲಿ ಗಾಳಿ ಸತ್ತಿರುತ್ತದೆ. ಹಾಯಿ ಒದ್ದೆ ಬಟ್ಟೆಯ ಹಾಗೆ ಜೋತುಬಿತ್ತು. ಕುಡಿಯುವ ನೀರು ತಳ ಕಂಡಿತು. ಜಟ್ಟು ಹಾಯಿಯ ಬುಡದಲ್ಲಿ ತಿಗರಿ ಹೂಡಿ, ಕೋಲು ಕೊಟ್ಟು ತಿರುಗಿಸಿದ. ಎಷ್ಟು ಜೋರಾಗಿ ತಿರುಗಿಸಿದ ಅಂದರೆ, ತಿಗರಿಯಿಂದ ಗಾಳಿ ಎದ್ದು ಹಾಯಿ ಉಬ್ಬಿ ಮಚವೆ ಹೊರಟಿತು. ಇದು ಸುಳ್ಳು ಅನ್ನುವವರು, ಗಾಳಿ ಎಲ್ಲಿಂದ ಬಂತು ಅಂತ ಅವರೇ ಹೇಳಲಿ. ಹೀಗೆ ಬಿಳಿಮಣ್ಣಿನ ದೇಶ ಮುಟ್ಟಿದರು.

ಕಣಿವೆಯ ಬಾಯಿಯಲ್ಲಿ ಕಾವಲು. ಬಟ್ಟಲು ತೋರಿಸಿದರು. ಕಾವಲಿನವನು ಕೊಕ್ಕರೆಯನ್ನು ನೋಡಿದ, ಅಡಿ ನೋಡಲಿಲ್ಲ, ಬಿಟ್ಟ. ಒಳಗೆ ಹೋದರೆ ಢಬ್, ಢಬ್ ಅಂತ ಸದ್ದು. ಅಲ್ಲಿ ಮಣ್ಣು ಅಗೆಯುವುದಿಲ್ಲ, ಬೆಟ್ಟದ ಬಿಳಿಕಲ್ಲನ್ನೇ ಕುಟ್ಟಿ ಮಣ್ಣು ಮಾಡುತ್ತಾರೆ. ಕುಟ್ಟುವುದು ಯಾರು? ಹೊಳೆ! ಒಂದು ಉದ್ದದ ಮರ, ಒಂದು ತುದಿಗೆ ತೊಟ್ಟಿ, ಇನ್ನೊಂದು ತುದಿಗೆ ಒನಕೆ. ತೊಟ್ಟಿಗೆ ಹೊಳೆನೀರು ತುಂಬಿದರೆ ಆ ತುದಿ ಬಾಗಿ ಒನಕೆ ಮೇಲೇಳುತ್ತದೆ. ನೀರು ಸುರಿದುಹೋದರೆ ಒನಕೆ ಕಲ್ಲಿನ ಮೇಲೆ ಬೀಳುತ್ತದೆ. ನಮ್ಮಲ್ಲಿ ಹೆಂಗಸರು ಕುಟ್ಟುತ್ತಾರೆ, ಅಲ್ಲಿ ಹೊಳೆಯೇ ಸೆರಗು ಕಟ್ಟಿ ಕುಟ್ಟುತ್ತಿತ್ತು.

ಕುಟ್ಟಿದ ಪುಡಿಯನ್ನು ನೀರಿನಲ್ಲಿ ಕದಡುವವನು ಒಬ್ಬ. ತಿಗರಿ ತಿರುಗಿಸುವವನು ಇನ್ನೊಬ್ಬ, ಅವನು ಅದನ್ನು ಕಾಲಲ್ಲಿ ಒದೆಯುತ್ತಾನೆ. ಗೆರೆ ಎಳೆಯುವವನು ಗೆರೆ ಮಾತ್ರ ಎಳೆಯುತ್ತಾನೆ, ನೀಲಿ ತುಂಬುವವನು ನೀಲಿ ಮಾತ್ರ ತುಂಬುತ್ತಾನೆ. ಕೊಕ್ಕರೆಯ ಕಾಲು ಬರೆದವನಿಗೆ ಅದರ ಕೊಕ್ಕು ಬರೆಯಲು ಬರುವುದಿಲ್ಲ ಅಂತಾರೆ. ಆವಿಗೆಯೋ, ಗುಡ್ಡದ ಮೇಲೆ ಸಾಲಾಗಿ ಮಲಗಿದ ಎಮ್ಮೆಗಳ ಹಾಗೆ ಒಂದರ ಹಿಂದೆ ಒಂದು ಗೂಡು. ಕೆಳಗಿನ ಗೂಡಿನ ಬೆಂಕಿ ಮೇಲಿನ ಗೂಡಿಗೆ ಹತ್ತುತ್ತದೆ. ಬೆಂಕಿ ಹಾಕುವ ಮುಂಚೆ ಆವಿಗೆಯ ಬಾಯಿಗೆ ಚಿಟಿಕೆ ಉಪ್ಪು, ಒಂದು ಬಟ್ಟಲು ಅಕ್ಕಿಯ ಸೆರೆ ಇಟ್ಟು ಕೈ ಮುಗಿದರು. ಆ ಸೆರೆಗೆ ಅವರು ಸಾಕೆ ಅಂತಾರಂತೆ. ಜಟ್ಟುವೂ ಕೈ ಮುಗಿದ. ನಾವು ಕಳ್ಳು ಇಡ್ತೇವೆ, ಇವರು ಗಂಜಿಯ ಕಳ್ಳು ಇಡ್ತಾರೆ, ಬೆಂಕಿ ಒಂದೇ, ಅಂದ ತಾಂಡೇಲನಿಗೆ.

ಬಟ್ಟಲು ಮಾಡಿದ ಮುದುಕನ ಹೆಸರು ಗೆನ್‌ಬೆ. ಜಟ್ಟು ಅವನನ್ನು ಗೆಂಬಣ್ಣ ಅಂತ ಕರೆದ, ಮುದುಕ ಓಗೊಟ್ಟ. ಗೆಂಬಣ್ಣ ಬಟ್ಟಲನ್ನು ಮಗುಚಿ ಕೆಂಪು ಬೊಟ್ಟನ್ನು ನೋಡಿದ. ಬೆರಳಿಂದ ಸವರಿದ. ಉಗುರಿನಿಂದ ಕೆರೆದ, ಬರಲಿಲ್ಲ. ಜಟ್ಟು ಎದೆ ಮುಂದೆ ಮಾಡಿ, ನಾನೇ ಮುಚ್ಚಿದ್ದು ಅಂತ ಸನ್ನೆ ಮಾಡಿ ತೋರಿಸಿದ. ಮುದುಕ ಅವನ ಮುಖ ನೋಡಿದ. ಆಮೇಲೆ ನಗಲು ಶುರು ಮಾಡಿದ. ನಕ್ಕು ನಕ್ಕು ತಿಗರಿಯ ಮೇಲೆ ಕುಸಿದ, ತಿಗರಿ ಅವನನ್ನೂ ಒಂದು ಸುತ್ತು ತಿರುಗಿಸಿತು.

ನಗು ನಿಂತ ಮೇಲೆ ಗೆಂಬಣ್ಣ ಅಂಥದ್ದೇ ಇನ್ನೊಂದು ತೂತು ಬಟ್ಟಲು ತಂದ. ಜಟ್ಟುವಿನ ಬೆರಳನ್ನು ಅಡಿಯ ತೂತಿಗೆ ಒತ್ತಿಸಿದ. ಬೆಚ್ಚಗಿನ ಸೆರೆ ತುಂಬಿದ. ಜಟ್ಟು ಒಂದು ಗುಟುಕು ಕುಡಿದು, ಕಿವಿ ತುರಿಸಿಕೊಳ್ಳಲು ಬೆರಳು ತೆಗೆದ. ಸೆರೆ ತೊಡೆಯ ಮೇಲೆ ಸುರಿಯಿತು. ಮತ್ತೆ ತುಂಬಿದರು. ಈ ಸಲ ಬಟ್ಟಲನ್ನು ಕೆಳಗಿಡಲು ನೋಡಿದ. ಇಡಲು ಬರಲಿಲ್ಲ. ಇಟ್ಟರೆ ಚೆಲ್ಲೀತು, ಬಿಟ್ಟರೆ ಸೋರೀತು, ಕುಡಿದರೆ ಮಾತ್ರ ಕೈಗೆ ಬಿಡುಗಡೆ. ಗೆಂಬಣ್ಣ ಸುಮ್ಮನೆ ಎದುರಿಗೆ ಕೂತಿದ್ದ. ಜಟ್ಟು ತಳದ ತನಕ ಕುಡಿದ.

ಕುಡಿದು ಕೆಳಗಿಟ್ಟವನೇ ಅವನೂ ನಕ್ಕ. ಆ ದೇಶದವರು ಅದನ್ನು ಮಾಡಿದ್ದು ಕುಡುಕರ ಆಟಕ್ಕೆ. ಜಟ್ಟುವಿಗೆ ಕಂಡದ್ದು ಬೊಮ್ಮಣ್ಣ ಗಾಂವಕಾರನ ಮೀಸೆ.

ಕೆಂಪು ಬೊಟ್ಟಿನ ಬಟ್ಟಲನ್ನು ಗೆಂಬಣ್ಣ ತನಗೇ ಇಟ್ಟುಕೊಂಡ, ಆವಿಗೆಯ ಬದಿಯ ಗೂಡಿನಲ್ಲಿ. ತೂತಿನದನ್ನು ಜಟ್ಟುವಿಗೆ ಕೊಟ್ಟ. ತಾಂಡೇಲನ ಮುಖವನ್ನು ಕಾವಲಿನವನಿಗೆ ತೋರಿಸಿ, ಇವನಿಗೆ ಇನ್ನು ಗುರುತು ಬೇಡ ಅಂದ, ಹಾಗೆ ಅವನ ದಾರಿಯೂ ಉಳಿಯಿತು.

ಜಟ್ಟು ಊರಿಗೆ ಬಂದದ್ದು ಸರಿಯಾಗಿ ಸುಗ್ಗಿಗೆ. ಕೇರಿಯವರು ಗಂಟು ಕಟ್ಟಿ ಕೂತಿದ್ದರು. ಜಟಗನ ಕಲ್ಲಿನ ಮುಂದೆ ಊರೆಲ್ಲ ಸೇರಿತ್ತು. ಜಟ್ಟು ಬಿಳಿ ಬಟ್ಟಲು ಹೊರತೆಗೆದದ್ದೇ ತಡ, ಗಾಂವಕಾರನ ಕಣ್ಣು ಅದಕ್ಕೇ ಅಂಟಿತು.

"ಎಂತದಾ ಅದು, ಹಂಸದ ಮೊಟ್ಟೆಯೋ?"

"ನಿಮಗೇ ತಂದದ್ದು ಒಡೆಯಾ. ಇದು ಕಳ್ಳು ಹೀರೋದಿಲ್ಲ. ಅಡಿಗೆ ಬೆರಳು ಕೊಟ್ಟು ಹಿಡೀರಿ, ಆ ದೇಶದಲ್ಲಿ ದೊಡ್ಡವರು ಹಿಡಿಯೋದೇ ಹಾಗೆ."

ಗಾಂವಕಾರ ದೊಡ್ಡವರ ಹಾಗೆ ಹಿಡಿದ. ಜಟ್ಟು ಅಂಚಿನ ತನಕ ತುಂಬಿದ. ಗಾಂವಕಾರ ಮೀಸೆ ತೋಯಿಸಿ, ಎಂದಿನಂತೆ ಕಲ್ಲಿನ ಮೇಲಿಡಲು ಬಗ್ಗಿದ. ಬೆರಳು ಸ್ವಲ್ಪ ಸರಿಯಿತು, ಒಂದು ಹನಿ ಇಣುಕಿತು. ತಟ್ಟನೆ ಬೆರಳು ಒತ್ತಿ ನೆಟ್ಟಗೆ ನಿಂತ.

"ಏ ಜಟ್ಟು, ಇದಕ್ಕೆ ತೂತು ಉಂಟು!"

"ಹೌದು ಒಡೆಯಾ, ಉಂಟು."

ಚೆಲ್ಲಿದರೆ ಮನೆಗೆ ಸಾವು. ಇನ್ನೊಬ್ಬರ ಕೈಗೆ ಕೊಡುವ ಹಾಗಿಲ್ಲ. ಕುಡಿ ಅಂತ ಯಾರೂ ಅನ್ನಲಿಲ್ಲ, ಅನ್ನುವ ಹಾಗೂ ಇಲ್ಲ. ಗಾಂವಕಾರ ನಿಂತ. ಬಿಸಿಲೇರಿತು, ಹೆಂಗಸರು ಮನೆಗೆ ಹೋಗಿ ಗಂಜಿ ಉಂಡು ಬಂದರು. ಒಂದು ನೊಣ ಅವನ ಮೂಗಿನ ಮೇಲೆ ಕೂತು ಅಲ್ಲೇ ಬಿಡಾರ ಮಾಡಿತು. ಕೆಂಪಿರುವೆ ಕಾಲು ಹತ್ತಿತು. ಬೆರಳು ಜೋಮು ಹಿಡಿಯಿತು. ಎಮ್ಮೆಗಳು ಮನೆಗೆ ತಿರುಗುವ ಹೊತ್ತಿಗೆ ಅವನು ಒಂದೇ ಉಸಿರಿಗೆ ಬಟ್ಟಲನ್ನು ಬರಿದು ಮಾಡಿದ. ಕೇರಿಯವರ ಕೂಗಿಗೆ ಹೊಳೆಯ ಮೀನುಗಳು ದಡಕ್ಕೆ ಹಾರಿದವಂತೆ.

ಗಾಂವಕಾರ ಬಾಯಿ ಒರೆಸಿಕೊಂಡು ಹೇಳಿದ, "ಪೂರ್ತಿ ಗದ್ದೆ ನಿನ್ನದು ಜಟ್ಟು, ಮಳೆಯ ತನಕ. ಈಗ ನಿನ್ನ ಸರದಿ. ನಿನಗೂ ಇದೇ ಬಟ್ಟಲು."

ಜಟ್ಟು ಖುಷಿಯಿಂದ ಕೈಚಾಚಿದ.

"ತಡಿಯೋ. ನೀ ಕುಡಿಯೋದು ಪೂರ್ತಿ, ಮುಚ್ಚೋದು ಅರ್ಧ. ನನ್ನ ಕೋಣಕ್ಕೆ ಗೊತ್ತುಂಟು. ಇವತ್ತು ನಿನಗಿಲ್ಲ. ಮಣ್ಣು ತೆಗೆದಾದ ಮೇಲೆ ಗದ್ದೆಯಲ್ಲಿ ಜಟಗನ ಹೆಸರಲ್ಲೇ ತುಂಬಿ ಕೊಡ್ತೇನೆ. ಕಡೇ ಗುಂಡಿಯ ಕಡೇ ಬುಟ್ಟಿಗೆ ಬಂದ ಮೇಲೆ ಕುಡಿ."

ಊರು ಜಟ್ಟುವಿನ ಮುಖ ನೋಡಿತು. ಜಟ್ಟು ಹೊನ್ನಿಯ ಮುಖ ನೋಡಿದ. ಹೊನ್ನಿ ಜಟಗನ ಕಲ್ಲನ್ನು ನೋಡುತ್ತಿದ್ದಳು. ಸರಿ ಅನ್ನದೆ ಬೇರೆ ದಾರಿ ಇರಲಿಲ್ಲ.

ಆ ಬೇಸಗೆಯಲ್ಲಿ ಆವಿಗೆ ಆರಲೇ ಇಲ್ಲ. ಮಣ್ಣು ತೆಗೆದದ್ದು ಎಷ್ಟೋ, ಗುಂಡಿ ಬಿದ್ದದ್ದು ಎಷ್ಟೋ. ಮೊದಲ ಮೋಡ ಕಡಲಿನಿಂದ ತಲೆಯೆತ್ತಿದ ದಿನ ಗಾಂವಕಾರ ಗದ್ದೆಗೆ ಬಂದು ಬಿಳಿ ಬಟ್ಟಲಿಗೆ ಕಳ್ಳು ತುಂಬಿ ಕೊಟ್ಟ. ಜಟ್ಟು ಎಡಗೈಯಲ್ಲಿ ಬಟ್ಟಲು ಹಿಡಿದು, ಅಡಿಗೆ ಬೆರಳೊತ್ತಿ, ಬಲಗೈಯಲ್ಲಿ ಗುದ್ದಲಿ ಹಿಡಿದ. ಮೂಗಿನ ಕೆಳಗೇ ಕಳ್ಳಿನ ವಾಸನೆ. ಕುಡಿದರೆ ಮಾತು ತಪ್ಪೀತು, ಇಟ್ಟರೆ ಚೆಲ್ಲೀತು, ಬಿಟ್ಟರೆ ಸೋರೀತು. ನಾಳೆ ಮುಚ್ಚಿದರಾಯಿತು ಅನ್ನಲು ನಾಳೆಯ ತನಕ ಬೆರಳು ತಡೆಯಬೇಕಲ್ಲ. ಒಂದೇ ಕೈಯಲ್ಲಿ ಮಣ್ಣೆಳೆದ, ಕಾಲಿನಿಂದ ತಳ್ಳಿದ, ಎದೆಯಿಂದ ದೂಡಿದ. ಮೋಡ ಒಂದೊಂದೇ ಹೆಜ್ಜೆ ಹತ್ತಿರ ಬಂತು, ಗುಂಡಿ ಒಂದೊಂದೇ ತುಂಬಿತು. ಕೇರಿಯವರು ಕೈ ಹಚ್ಚಲು ಬಂದರೆ ಬೇಡ ಅಂದ. ಕೋಣ ಬಿದ್ದ ಗುಂಡಿ ನನ್ನದು, ಅಂದ. ಜಟ್ಟು ಬಡಾಯಿಯಿಲ್ಲದೆ ಆಡಿದ ಮಾತು ಅದೊಂದೇ ಅಂತಾರೆ.

ಕಡೇ ಗುಂಡಿ ಇನ್ನೇನು ಒಂದು ಬುಟ್ಟಿ ಮಣ್ಣಿನಷ್ಟು ಉಳಿದಿತ್ತು. ಜಟ್ಟು ಅದರಲ್ಲಿ ಮಂಡಿಯೂರಿ ಬಟ್ಟಲೆತ್ತಿ ತಳದ ತನಕ ಕುಡಿದ. ಗಾಂವಕಾರ ಹತ್ತಿರ ಬಂದು, ಆ ಬಟ್ಟಲು ನನ್ನ ಮನೆಯಲ್ಲಿರಲಿ, ಏನು ಬೇಕಾದರೂ ಕೇಳು, ಅಂದ. ಇಷ್ಟು ಮಣ್ಣು ಕೊಟ್ಟ ಗದ್ದೆಗೇ ಅದು ಸಲ್ಲಬೇಕೆಂದು ಜಟ್ಟು ಬಟ್ಟಲನ್ನು ಗುಂಡಿಯೊಳಗೆ ಮೆಲ್ಲಗೆ ಇಟ್ಟ, ಕೊಕ್ಕರೆ ಮೇಲಾಗಿ. ಅದರ ಮೇಲೆ ಕೊನೆಯ ಬುಟ್ಟಿ ಮಣ್ಣು ಸುರಿದು ತುಳಿದ. ಕಾಲೆತ್ತುವಷ್ಟರಲ್ಲಿ ಮಳೆ ಬಿತ್ತು.

ಆ ಕೆಳಗದ್ದೆಯ ಅಕ್ಕಿ ಈಗಲೂ ಉಳಿದ ಗದ್ದೆಗಳ ಅಕ್ಕಿಗಿಂತ ಬಿಳಿ. ಕಾರಣ ಕೇಳಬೇಡಿ. ಬಿಳಿ ಬಟ್ಟಲು ಮತ್ತೆ ಬರಲಿಲ್ಲ. ಆದರೆ ಪ್ರತಿ ಸುಗ್ಗಿಗೂ ಆವಿಗೆಕೇರಿಯ ಗುನಗರು ಕೆಂಪು ಮಣ್ಣಿನಲ್ಲೇ ಒಂದು ಬಟ್ಟಲು ಮಾಡುತ್ತಾರೆ, ಅಡಿಗೆ ಹೆಸರುಕಾಳಿನಷ್ಟು ತೂತು ಬಿಡುತ್ತಾರೆ. ಗಾಂವಕಾರನ ಮನೆಯ ಹಿರಿಯ ಜಟಗನ ಮುಂದೆ ಅದರಲ್ಲೇ ಕುಡಿಯುತ್ತಾನೆ. ಮೊದಲ ಮೋಡ ಕಂಡ ದಿನ ಗುನಗರ ಹಿರಿಯ ಅದನ್ನೇ ತುಂಬಿಸಿಕೊಂಡು, ಅಡಿಗೆ ಬೆರಳೊತ್ತಿ ಗದ್ದೆಯ ಅಂಚಿನಲ್ಲಿ ನಿಲ್ಲುತ್ತಾನೆ. ಉಳಿದವರು ಗುಂಡಿ ಮುಚ್ಚುತ್ತಾರೆ. ಹಿರಿಯನ ಬೆರಳು ನೋಯುತ್ತದೆಂದು ಬೇಗ ಬೇಗ ಮುಚ್ಚುತ್ತಾರೆ. ಕಡೇ ಗುಂಡಿಗೆ ಬಂದಾಗ ಅವನು ಇಳಿದು ಕುಡಿದು, ಬಟ್ಟಲನ್ನು ಅದರಲ್ಲಿ ಇಡುತ್ತಾನೆ.

ಅದನ್ನು ಕೆಳಗಿಡುವುದು ಆ ಒಂದೇ ಸಲ.